ಹೆನ್ರಿ ಕ್ರೇಪೋನ ಜಮೆ-ಖರ್ಚಿನ ಜಾಡಿನಲ್ಲಿ: ನ್ಯೂ ಬೆಡ್‌ಫರ್ಡ್‌ನಿಂದ ಲ್ಯಾನ್ಸಿಂಗ್‌ವರೆಗೆ

ಶನಿವಾರ, ನ್ಯೂ ಬೆಡ್‌ಫರ್ಡ್

ಹೆನ್ರಿ ಹೌಲೆಂಡ್ ಕ್ರೇಪೋ ಅಮೆರಿಕದ ಮಿಶಿಗನ್ ರಾಜ್ಯದ ದೊಡ್ಡ ಮರದ ವ್ಯಾಪಾರಿಗಳಲ್ಲಿ ಒಬ್ಬ; 1865ರಿಂದ 1869ರ ಆರಂಭದವರೆಗೆ ಎರಡು ಅವಧಿಗೆ ಆ ರಾಜ್ಯದ ಗವರ್ನರ್. ಆದರೆ ಅವನ ಬದುಕಿನ ಮೊದಲ ಐವತ್ತು ವರ್ಷಗಳು ಕಳೆದದ್ದು ಮಿಶಿಗನ್ನಿನ ಪೈನ್ ಕಾಡುಗಳಿಂದ ಸಾವಿರ ಕಿಲೋಮೀಟರಿನಷ್ಟು ದೂರದಲ್ಲಿ, ಮ್ಯಾಸಚೂಸೆಟ್ಸ್ ಕರಾವಳಿಯ ಈ ತಿಮಿಂಗಿಲ ಬೇಟೆಯ ಬಂದರಿನಲ್ಲಿ ಮತ್ತು ಅದರ ಪಕ್ಕದ ಹಳ್ಳಿಯಲ್ಲಿ. ನೋವಾಯ್, ಟ್ರಾಯ್ ಮುಂತಾದ ಡೆಟ್ರಾಯಿಟ್ ಸುತ್ತಲಿನ ಊರುಗಳಲ್ಲಿ ಕಾರು ಉದ್ಯಮವನ್ನೇ ನಂಬಿಕೊಂಡು ನೆಲೆಸಿರುವ ನೂರಾರು ಕನ್ನಡ ಕುಟುಂಬಗಳಲ್ಲಿ ನನ್ನ ಸೋದರಳಿಯನದೂ ಒಂದು. ಜನರಲ್ ಮೋಟಾರ್ಸ್ ಕಂಪನಿಯನ್ನು ಕಟ್ಟಿದ ವಿಲಿಯಂ ಕ್ರೇಪೋ ಡ್ಯೂರಾಂಟ್‌ನ ಹೆಸರು ಅವನಿಗೆ ಗೊತ್ತಿತ್ತು. ಆ ಹೆಸರಿನ ನಡುವೆ ಕುಳಿತಿರುವ ಅಜ್ಜ ಯಾರೆಂಬುದು ಗೊತ್ತಿರಲಿಲ್ಲ. "ಮಾವ, ಮರದ ವ್ಯಾಪಾರಿಯ ಕಥೆ ನೋಡಲು ಸಮುದ್ರದ ದಡಕ್ಕೆ ಯಾಕೆ ಹೋಗಬೇಕು?" ಎಂದು ಅವನು ಕೇಳಿದ. ಖಜಾನೆ ಇಲಾಖೆಯಲ್ಲಿ ಲೆಕ್ಕ ಬರೆದು ನಿವೃತ್ತನಾದ ನನ್ನ ಬಳಿ ಇದ್ದದ್ದು ಒಂದೇ ಉತ್ತರ: "ಕಾಡು ಕೊಂಡ ದುಡ್ಡು ಎಲ್ಲಿಂದ ಬಂತು ಅಂತ ಮೊದಲು ನೋಡೋಣವಪ್ಪಾ."

ದುಡ್ಡು ಬಂದದ್ದು ತಿಮಿಂಗಿಲದ ಎಣ್ಣೆಯಿಂದ. 1857ರಲ್ಲಿ ಈ ಬಂದರಿಗೆ ಸೇರಿದ ಬೇಟೆಯ ಹಡಗುಗಳು 329. ನಾಲ್ಕು ವರ್ಷ ಸಮುದ್ರದಲ್ಲಿದ್ದು ಮರಳಿ ಬರುವ ಹಡಗು ಮುಳುಗಿದರೆ ನಷ್ಟವನ್ನು ಹಂಚಿಕೊಳ್ಳುವುದು ಹೇಗೆ, ಲಾಭ ಬಂದರೆ ಪಾಲು ಹಾಕುವುದು ಹೇಗೆ ಎಂಬ ವಿದ್ಯೆಯಲ್ಲಿ ಪಳಗಿದ ಊರು ಇದು. ಬೆಟ್ಟದ ಮೇಲಿನ ತಿಮಿಂಗಿಲ ಸಂಗ್ರಹಾಲಯದಲ್ಲಿ ಲಗೋಡಾ ಎಂಬ ಹಡಗಿನ ಅರ್ಧ ಅಳತೆಯ ಮಾದರಿಯನ್ನು ಹತ್ತಿ ಇಳಿಯಬಹುದು. ಮಕ್ಕಳು ಅದರ ಮೇಲೆ ಓಡಾಡುತ್ತಿದ್ದಾಗ ನಾನು ಗೋಡೆಯ ಗಾಜಿನ ಪೆಟ್ಟಿಗೆಗಳಲ್ಲಿದ್ದ ಹಡಗಿನ ದಿನಚರಿಗಳ ಮುಂದೆಯೇ ಹೆಚ್ಚು ಹೊತ್ತು ಕಳೆದೆ.

ಕ್ರೇಪೋ 1832ರಲ್ಲಿ ಈ ಪಟ್ಟಣಕ್ಕೆ ಬಂದು ನೆಲೆಸಿದ. ಜಮೀನು ಅಳೆಯುವ ಸರ್ವೆ ಕೆಲಸ, ಆಸ್ತಿ ಹರಾಜು, ಪಟ್ಟಣದ ಗುಮಾಸ್ತಿಕೆ, ಖಜಾಂಚಿಗಿರಿ, ತೆರಿಗೆ ವಸೂಲಿ ಎಲ್ಲವನ್ನೂ ಸುಮಾರು ಹದಿನೈದು ವರ್ಷ ಒಬ್ಬನೇ ಹೊತ್ತ. ಊರಿನ ನಿವಾಸಿಗಳ ಹೆಸರು, ವೃತ್ತಿ, ಮನೆಯ ವಿಳಾಸಗಳ ಪಟ್ಟಿಯನ್ನು ತಾನೇ ಸಂಗ್ರಹಿಸಿ ಪುಸ್ತಕವಾಗಿ ಅಚ್ಚು ಹಾಕಿಸುತ್ತಿದ್ದ. 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ಇದೇ ಊರಿನ ಧಕ್ಕೆಗಳಲ್ಲಿ ಕೂಲಿ ಮಾಡುತ್ತಿದ್ದ ಕಾಲವೂ ಅದೇ. ಹಡಗು ವಿಮೆಯ ಸಂಸ್ಥೆಯೊಂದರ ಕಾರ್ಯದರ್ಶಿಯಾಗಿ ಕ್ರೇಪೋ ಬಂದರಿನ ಶ್ರೀಮಂತರ ಹಣದ ಚಲನೆಯನ್ನು ಹತ್ತಿರದಿಂದ ಕಂಡ. ಅವನೂ ಪಾಲುದಾರನಾಗಿದ್ದ ಬೇಟೆಯ ಹಡಗೊಂದಕ್ಕೆ ಅವನದೇ ಹೆಸರನ್ನಿಟ್ಟಿದ್ದರು. ಬೇರೆಯವರ ಹಣವನ್ನು ಪೈಸೆ ತಪ್ಪದೆ ಲೆಕ್ಕ ಇಟ್ಟವನೆಂಬ ಈ ನಂಬಿಕೆಯೇ ಅವನ ನಿಜವಾದ ಬಂಡವಾಳವಾಗಿತ್ತು. ಮುಂದೆ ಅವನು ಕಾಡು ಕೊಳ್ಳಲು ಹೊರಟಾಗ ಇಲ್ಲಿನ ಶ್ರೀಮಂತರು ಹಣ ಹಾಕಲು ಮುಂದೆ ಬಂದದ್ದು ಆ ನಂಬಿಕೆಯ ಮೇಲೆಯೇ.

ಸಾರ್ವಜನಿಕ ಗ್ರಂಥಾಲಯಕ್ಕೆ ಹೋದೆವು. ಈಗ ಗ್ರಂಥಾಲಯವಾಗಿರುವ ಗ್ರಾನೈಟ್ ಕಟ್ಟಡ ಮೊದಲು ಪಟ್ಟಣದ ಪುರಭವನವಾಗಿತ್ತು. ಅದು ಮೇಲೇಳುತ್ತಿದ್ದ 1830ರ ದಶಕದ ಕೊನೆಯಲ್ಲಿ ಪಟ್ಟಣದ ಗುಮಾಸ್ತನಾಗಿದ್ದವನು ಕ್ರೇಪೋ. 1850ರ ದಶಕದ ಆರಂಭದಲ್ಲಿ, ನಗರದ ತೆರಿಗೆ ಹಣದಿಂದ ಎಲ್ಲರಿಗೂ ಉಚಿತವಾದ ಗ್ರಂಥಾಲಯ ನಡೆಸಬೇಕೆಂಬ ಪ್ರಸ್ತಾವ ಬಂದಾಗ ಅದರ ಸಮಿತಿಯ ಮುಂದಾಳಾಗಿದ್ದವನೂ ಅವನೇ. ಅಮೆರಿಕದಲ್ಲಿ ಇಂಥ ಗ್ರಂಥಾಲಯಗಳು ಬೆರಳೆಣಿಕೆಯಷ್ಟೂ ಇರದಿದ್ದ ಕಾಲ ಅದು. ಸಾರ್ವಜನಿಕ ಹಣ ಯಾವುದಕ್ಕೆ ಸಲ್ಲಬೇಕು, ಯಾವುದಕ್ಕೆ ಸಲ್ಲಬಾರದು ಎಂಬ ವಿಷಯದಲ್ಲಿ ಮುಂದೆ ಗವರ್ನರ್ ಆಗಿ ಅವನು ಮಾಡಿದ ಜಗಳವನ್ನು ಅರ್ಥ ಮಾಡಿಕೊಳ್ಳಲು ಈ ಗ್ರಂಥಾಲಯವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು; ಅವನು ಖರ್ಚನ್ನೇ ಒಲ್ಲದ ಜಿಪುಣನಾಗಿರಲಿಲ್ಲ.

ಕಟ್ಟಡದ ಪಕ್ಕದಲ್ಲಿ, ದೋಣಿಯ ಮುಂತುದಿಯಲ್ಲಿ ಹಾರ್ಪೂನ್ ಎತ್ತಿ ನಿಂತ ಬೇಟೆಗಾರನ ಕಂಚಿನ ಪ್ರತಿಮೆಯಿದೆ. ಒಂದೋ ತಿಮಿಂಗಿಲ ಸಾಯಬೇಕು, ಇಲ್ಲವೇ ದೋಣಿ ಒಡೆಯಬೇಕು ಎಂಬ ಬೇಟೆಗಾರರ ಮಾತನ್ನು ಅಲ್ಲಿ ಕೆತ್ತಿದ್ದಾರೆ. ಶಿಲ್ಪಿ ಬೆಲಾ ಪ್ರ್ಯಾಟ್ ಮಾಡಿದ ಈ ಪ್ರತಿಮೆಯನ್ನು 1913ರಲ್ಲಿ ಊರಿಗೆ ಕೊಟ್ಟವನು ಹೆನ್ರಿಯ ಒಬ್ಬನೇ ಮಗ ವಿಲಿಯಂ ವ್ಯಾಲೇಸ್ ಕ್ರೇಪೋ. ಮನೆಯಲ್ಲಿ ಅವನ ಜೊತೆಗೆ ಒಂಬತ್ತು ಮಂದಿ ಹೆಣ್ಣುಮಕ್ಕಳಿದ್ದರು. ತಂದೆ ಮಿಶಿಗನ್ನಿಗೆ ಹೋದಮೇಲೂ ಮಗ ಇಲ್ಲೇ ವಕೀಲನಾಗಿ ಉಳಿದ, 1875ರಿಂದ 1883ರವರೆಗೆ ಸಂಸತ್ತಿನಲ್ಲಿ ಕುಳಿತ, ಮಿಶಿಗನ್ನಿನ ರೈಲು ಕಂಪನಿಯ ಅಧ್ಯಕ್ಷನೂ ಆದ. ತಿಮಿಂಗಿಲ ಬೇಟೆಗಾರನಿಗೆ ಪ್ರತಿಮೆ ನಿಲ್ಲಿಸಿದ ಹೊತ್ತಿಗೆ ಆ ಕುಟುಂಬದ ಹಣ ತಿಮಿಂಗಿಲವನ್ನು ಬಿಟ್ಟು ಅರ್ಧ ಶತಮಾನವೇ ಕಳೆದಿತ್ತು.

ಭಾನುವಾರ, ಡಾರ್ಟ್‌ಮತ್

ಕ್ರೇಪೋ 1804ರ ಮೇ 24ರಂದು ಹುಟ್ಟಿದ್ದು ನ್ಯೂ ಬೆಡ್‌ಫರ್ಡ್‌ನ ಪಡುವಣಕ್ಕಿರುವ ಡಾರ್ಟ್‌ಮತ್‌ನ ರೈತರ ಮನೆಯಲ್ಲಿ. ನೋಡಲು ಹೆಚ್ಚೇನೂ ಇಲ್ಲ: ಹೊಲಗಳಿಂದ ಆಯ್ದ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿದ ಗೋಡೆಗಳು, ಅವುಗಳ ನಡುವೆ ತೆಳು ಮಣ್ಣಿನ ಹುಲ್ಲುಗಾವಲು, ದೂರದಲ್ಲಿ ಉಪ್ಪುನೀರಿನ ವಾಸನೆ. ಈ ಮಣ್ಣಿನಲ್ಲಿ ಬೆಳೆದ ಹುಡುಗನಿಗೆ ಶಾಲೆ ಸಿಕ್ಕಿದ್ದು ಅಲ್ಪಸ್ವಲ್ಪ. ಮನೆಯಲ್ಲಿ ನಿಘಂಟು ಇರಲಿಲ್ಲವಾದ್ದರಿಂದ ಓದುವಾಗ ಎದುರಾದ ಕಠಿಣ ಪದಗಳನ್ನು ಬರೆದಿಟ್ಟುಕೊಂಡು, ನ್ಯೂ ಬೆಡ್‌ಫರ್ಡ್‌ಗೆ ನಡೆದು ಹೋಗಿ ಅರ್ಥ ತಿಳಿದು ಬಂದು, ತನ್ನದೇ ಕೈಬರಹದ ನಿಘಂಟು ಕಟ್ಟಿಕೊಂಡನಂತೆ. ಸರ್ವೆ ಕಲಿಯಬೇಕೆನಿಸಿದಾಗ ದಿಕ್ಸೂಚಿ ಕೊಳ್ಳಲು ಹಣವಿಲ್ಲದೆ, ಊರಿನ ಕಮ್ಮಾರನ ಕುಲುಮೆಯಲ್ಲಿ ಕುಳಿತು ತಾನೇ ಒಂದನ್ನು ಮಾಡಿಕೊಂಡ. ಅಮೆರಿಕದ ಗಣ್ಯರ ಜೀವನಚರಿತ್ರೆಗಳಲ್ಲಿ ಇಂಥ ಪ್ರಸಂಗಗಳು ಹೇರಳ ಮತ್ತು ನನಗೆ ಅವುಗಳಲ್ಲಿ ಸ್ವಲ್ಪ ಅನುಮಾನವೂ ಇದೆ; ಆದರೆ ಪಟ್ಟಿ ಮಾಡುವುದು, ಅಳೆಯುವುದು, ದಾಖಲಿಸುವುದು ಈ ಮನುಷ್ಯನ ಹುಟ್ಟುಗುಣವಾಗಿತ್ತು ಎಂಬುದನ್ನು ಮುಂದಿನ ಬದುಕೆಲ್ಲ ಸಾಕ್ಷಿ ಹೇಳುವುದರಿಂದ ಇವನ್ನು ತಳ್ಳಿಹಾಕಲೂ ಮನಸ್ಸಾಗುವುದಿಲ್ಲ.

ಸಂಜೆ ಪ್ರಾವಿಡೆನ್ಸ್‌ನಿಂದ ಡೆಟ್ರಾಯಿಟ್‌ಗೆ ವಿಮಾನ.

ಸೋಮವಾರ, ಫ್ಲಿಂಟ್

ಕ್ರೇಪೋ ಮತ್ತು ಅವನ ನ್ಯೂ ಬೆಡ್‌ಫರ್ಡ್ ಪಾಲುದಾರರು 1850ರ ದಶಕದ ನಡುವೆ ಮಿಶಿಗನ್ನಿನ ಲಪೀರ್ ಜಿಲ್ಲೆಯಲ್ಲಿ ಸುಮಾರು 12,000 ಎಕರೆ ಪೈನ್ ಕಾಡನ್ನು ಕೊಂಡರು. ದಶಕದ ಕೊನೆಯ ಹೊತ್ತಿಗೆ ಅವನು ಸಂಸಾರ ಸಮೇತ ಫ್ಲಿಂಟ್‌ಗೆ ಬಂದು ನೆಲೆಸಿದ. ಆಗಲೇ ಅವನ ವಯಸ್ಸು ಐವತ್ತು ದಾಟಿತ್ತು. ಬೇರೆಯವರು ನಿವೃತ್ತಿಯ ಮಾತಾಡುವ ಕಾಲದಲ್ಲಿ ಅವನು, ಮರ ಕಡಿದೂ ಕೊಯ್ದೂ ಗೊತ್ತಿಲ್ಲದೆ, ಹಲಗೆ ಮಾರುವ ವ್ಯಾಪಾರಕ್ಕೆ ಇಳಿದ.

ಇಳಿದ ಗಳಿಗೆಯೂ ಚೆನ್ನಾಗಿರಲಿಲ್ಲ. 1857ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದು ಹಲಗೆಯ ಬೆಲೆಯೂ ಬಿತ್ತು. ಕಾಡಿಗೆ ಹಾಕಿದ ಸಾಲದ ಕಂತುಗಳು ಬಾಕಿ, ಗಿರಣಿಯಾಳುಗಳ ಕೂಲಿ ಬಾಕಿ, ಕೊಂಡವರಿಂದ ಬರಬೇಕಾದದ್ದು ಬಾರದು. ಫ್ಲಿಂಟ್‌ನಿಂದ ಮಗ ವಿಲಿಯಂಗೆ ಅವನು ಮತ್ತೆ ಮತ್ತೆ ಬರೆದ ಪತ್ರಗಳು ಇಂದು ಆನ್ ಆರ್ಬರ್‌ನ ಬೆಂಟ್ಲಿ ಇತಿಹಾಸ ಗ್ರಂಥಾಲಯದಲ್ಲಿವೆ. ಅವನ ವ್ಯಾಪಾರದ ಬಗ್ಗೆ ಬರೆದವರೆಲ್ಲರೂ ಆಧಾರವಾಗಿ ಹಿಡಿಯುವುದು ಆ ಪತ್ರಗಳನ್ನೇ. ಮರದ ದೊರೆಗಳೆಂದರೆ ಸಿಗಾರ್ ಸೇದುತ್ತ ಕಾಡಿಗೆ ಕಾಡನ್ನೇ ಜೂಜಿಗಿಡುವವರೆಂಬ ಕಲ್ಪನೆಯಿದೆ. ಕ್ರೇಪೋ ಆ ಪಂಗಡದವನಲ್ಲ. ನಿದ್ದೆಗೆಟ್ಟು ಬಡ್ಡಿ ಲೆಕ್ಕ ಹಾಕುವ ಮುದಿ ಗುಮಾಸ್ತ ಅವನು, ಮತ್ತು ನನ್ನ ಕೆಲಸದ ಅನುಭವದಿಂದ ಹೇಳುವುದಾದರೆ, ಮುಳುಗುವ ವ್ಯಾಪಾರವನ್ನು ದಡ ಸೇರಿಸುವವರು ಸಾಮಾನ್ಯವಾಗಿ ಇಂಥವರೇ.

ಫ್ಲಿಂಟ್ ನದಿಯ ದಂಡೆಯಲ್ಲಿ ನಡೆದೆವು. ಒಂದು ಕಾಲಕ್ಕೆ ಈ ದಂಡೆಗಳಲ್ಲಿ ಸಾಮಿಲ್ಲುಗಳಿದ್ದವು. ಈಗ ವಿಶ್ವವಿದ್ಯಾಲಯದ ಕಟ್ಟಡಗಳು, ಉದ್ಯಾನ, ಕಾಲುದಾರಿಗಳಿವೆ. ಕೆಲಸದ ಕ್ರಮ ಹೀಗಿತ್ತು: ಚಳಿಗಾಲದಲ್ಲಿ ನೆಲ ಗಟ್ಟಿಯಾದ ಮೇಲೆ ಕಾಡಿನ ಶಿಬಿರಗಳಲ್ಲಿ ಮರ ಕಡಿದು, ದಾರಿಗೆ ನೀರು ಚಿಮುಕಿಸಿ ಹೆಪ್ಪುಗಟ್ಟಿಸಿ, ಆ ಮಂಜಿನ ದಾರಿಯ ಮೇಲೆ ಕುದುರೆಗಳು ಎಳೆಯುವ ಜಾರುಬಂಡಿಗಳಲ್ಲಿ ದಿಮ್ಮಿಗಳನ್ನು ಹೊಳೆಯ ದಂಡೆಗೆ ತಂದು ಒಟ್ಟುತ್ತಿದ್ದರು. ವಸಂತದಲ್ಲಿ ಹಿಮ ಕರಗಿ ಹೊಳೆ ಉಬ್ಬಿದಾಗ ಅವನ್ನು ನೀರಿಗೆ ನೂಕಿದರೆ, ತೇಲುತ್ತ ಗಿರಣಿಯ ಬಾಗಿಲಿಗೆ ಬರುತ್ತಿದ್ದವು. ಯಾರ ದಿಮ್ಮಿ ಯಾರದೆಂದು ತಿಳಿಯಲು ಪ್ರತಿ ದಿಮ್ಮಿಯ ತುದಿಗೂ ಮಾಲಿಕನ ಗುರುತಿನ ಸುತ್ತಿಗೆಯಿಂದ ಮುದ್ರೆ ಹೊಡೆಯುತ್ತಿದ್ದರು. ಇದೆಲ್ಲ ಸಾಧ್ಯವಾದದ್ದು ಬಿಳಿ ಪೈನ್ ಹಗುರವಾಗಿ ತೇಲುವ ಮರವಾದ್ದರಿಂದ. ದಾಂಡೇಲಿಯ ಡಿಪೋದಲ್ಲಿ ಸಾಲಾಗಿ ಮಲಗಿದ ತೇಗದ ನಾಟಾ ಕಂಡವರಿಗೆ ಇದರ ಬೆಲೆ ಅರ್ಥವಾದೀತು: ಹಸಿ ತೇಗವನ್ನು ಹೊಳೆಗೆ ಬಿಟ್ಟರೆ ಅದು ತಳ ಸೇರುತ್ತದೆ. ಮಿಶಿಗನ್ನಿನಲ್ಲೂ ತೇಲದ ಮೇಪಲ್, ಓಕ್ ಮರಗಳನ್ನು ಮೊದಮೊದಲು ಯಾರೂ ಮುಟ್ಟಲಿಲ್ಲ.

ವ್ಯಾಪಾರ ದಡ ಸೇರಿತು. ಅಂತರ್ಯುದ್ಧದ ವರ್ಷಗಳಲ್ಲಿ ಬೆಲೆ ಏರಿ, ಕ್ರೇಪೋನದು ರಾಜ್ಯದಲ್ಲಿ ಒಬ್ಬನೇ ಮಾಲಿಕನ ಕೈಯಲ್ಲಿದ್ದ ದೊಡ್ಡ ಮರದ ವ್ಯಾಪಾರಗಳಲ್ಲಿ ಒಂದೆನಿಸಿತು. 1860ರಲ್ಲಿ ಅವನು ಫ್ಲಿಂಟ್‌ನ ಮೇಯರ್ ಆದ, 1862ರಲ್ಲಿ ರಾಜ್ಯ ಸೆನೆಟ್‌ಗೆ ಆಯ್ಕೆಯಾದ, 1864ರ ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದಿಂದ ಗವರ್ನರ್ ಚುನಾವಣೆ ಗೆದ್ದ. ಎದುರು ನಿಂತ ಡೆಮಾಕ್ರಟ್ ವಿಲಿಯಂ ಫೆಂಟನ್ ಕೂಡ ಫ್ಲಿಂಟ್‌ನ ಮಾಜಿ ಮೇಯರ್. ಇಷ್ಟು ಸಣ್ಣ ಊರಿನ ಇಬ್ಬರು ರಾಜ್ಯದ ಗದ್ದುಗೆಗಾಗಿ ಸೆಣಸಿದರೆಂದರೆ ಆ ದಶಕದಲ್ಲಿ ಹಲಗೆಯ ಹಣಕ್ಕೆ ಎಂಥ ಬಲವಿತ್ತೆಂದು ಊಹಿಸಬಹುದು.

ಮಧ್ಯಾಹ್ನ ಗ್ಲೆನ್‌ವುಡ್ ಸ್ಮಶಾನಕ್ಕೆ ಹೋದೆವು. ಅವಧಿ ಮುಗಿಯುವ ಮೊದಲೇ ಕಾಯಿಲೆ ಹಿಡಿದಿದ್ದ ಕ್ರೇಪೋ ಕಠಿಣವಾದ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಅಧಿಕಾರ ಬಿಟ್ಟ ಏಳನೆಯ ತಿಂಗಳಲ್ಲಿ, 1869ರ ಜುಲೈನಲ್ಲಿ ತೀರಿಕೊಂಡ. ಅವನ ಸಮಾಧಿ ಇಲ್ಲಿದೆ. ಊರಿನ ಸ್ಥಾಪಕನೆನ್ನುವ ತುಪ್ಪಳದ ವ್ಯಾಪಾರಿ ಜೇಕಬ್ ಸ್ಮಿತ್‌ನದೂ, ಗಾಡಿ ತಯಾರಕ ಡಲಾಸ್ ಡಾರ್ಟ್‌ನದೂ ಇಲ್ಲೇ ಇವೆ. ಮೊಮ್ಮಗ ಡ್ಯೂರಾಂಟ್‌ನದು ಮಾತ್ರ ನ್ಯೂಯಾರ್ಕ್‌ನಲ್ಲಿದೆ.

ಆ ಮೊಮ್ಮಗನ ಕಥೆ ನನ್ನ ಸೋದರಳಿಯನ ಪಾಲಿನದು; ವಾಟರ್ ಸ್ಟ್ರೀಟ್‌ನಲ್ಲಿ ಉಳಿದಿರುವ ಡ್ಯೂರಾಂಟ್-ಡಾರ್ಟ್ ಗಾಡಿ ಕಂಪನಿಯ ಹಳೆಯ ಕಚೇರಿಯ ಮುಂದೆ ನಿಂತು ಅವನೇ ಹೇಳಿದ. ಕ್ರೇಪೋನ ಮಗಳು ರೆಬೆಕ್ಕಾ ಗಂಡನಿಂದ ದೂರವಾಗಿ 1872ರಲ್ಲಿ ಮಕ್ಕಳೊಂದಿಗೆ ಫ್ಲಿಂಟ್‌ಗೆ ಬಂದಳು. ಮಗ ವಿಲಿಯಂ ಹೈಸ್ಕೂಲು ಬಿಟ್ಟು ಅಜ್ಜನ ಹೆಸರಿನ ಮರದಂಗಡಿಯಲ್ಲಿ ಕೆಲಸಕ್ಕೆ ಸೇರಿದ. 1886ರಲ್ಲಿ ಸ್ಪ್ರಿಂಗ್ ಚೆನ್ನಾಗಿದ್ದ ಒಂದು ಎರಡು ಚಕ್ರದ ಗಾಡಿಯನ್ನು ಕಂಡು, ಸಾಲ ಮಾಡಿ, ಅದನ್ನು ತಯಾರಿಸುತ್ತಿದ್ದ ಸಂಸ್ಥೆಯನ್ನೇ ಕೊಂಡ. ಅಲ್ಲಿಂದ 1904ರಲ್ಲಿ ಬ್ಯೂಯಿಕ್ ಕಾರು ಕಂಪನಿ, 1908ರ ಸೆಪ್ಟೆಂಬರ್ 16ರಂದು ಜನರಲ್ ಮೋಟಾರ್ಸ್. ಆ ಕಂಪನಿಯನ್ನು ಅವನು 1910ರಲ್ಲಿ ಕಳೆದುಕೊಂಡು, ಮರಳಿ ಗೆದ್ದು, 1920ರಲ್ಲಿ ಮತ್ತೆ ಕಳೆದುಕೊಂಡ. "ಅಜ್ಜನ ಲೆಕ್ಕದ ಬುದ್ಧಿ ಮೊಮ್ಮಗನಿಗೆ ಇಳಿಯಲಿಲ್ಲ ಮಾವ," ಎಂದ ಸೋದರಳಿಯ. ಇಳಿದಿದ್ದರೆ ಜನರಲ್ ಮೋಟಾರ್ಸ್ ಹುಟ್ಟುತ್ತಿರಲಿಲ್ಲ ಎಂದು ನನಗನಿಸಿತು.

ಫ್ಲಿಂಟ್‌ಗೆ ಹೋಗಿ ನೀರಿನ ಮಾತು ಆಡದೆ ಬರಲಾಗದು. 2014ರ ಏಪ್ರಿಲ್‌ನಲ್ಲಿ, ರಾಜ್ಯ ಸರ್ಕಾರ ನೇಮಿಸಿದ ತುರ್ತು ಆಡಳಿತಾಧಿಕಾರಿಗಳ ಕಾಲದಲ್ಲಿ, ಖರ್ಚು ಉಳಿಸಲೆಂದು ಡೆಟ್ರಾಯಿಟ್‌ನ ನೀರನ್ನು ಬಿಟ್ಟು ಇದೇ ನದಿಯ ನೀರನ್ನು ಊರಿಗೆ ಹಾಯಿಸಿದರು. ಕೊರೆತ ತಡೆಯುವ ರಾಸಾಯನಿಕ ಬೆರೆಸದ ಆ ನೀರು ಹಳೆಯ ಕೊಳವೆಗಳಿಂದ ಸೀಸವನ್ನು ಕರಗಿಸಿಕೊಂಡು ಮನೆಮನೆಯ ನಲ್ಲಿಗೆ ಬಂತು. ಉಳಿತಾಯದ ಕಾಲಮ್ಮು ಮಾತ್ರ ತುಂಬಿಸಿ ಬೇರೆ ಕಾಲಮ್ಮುಗಳನ್ನು ಖಾಲಿ ಬಿಟ್ಟ ಲೆಕ್ಕ ಅದು.

ಮಂಗಳವಾರ, ಲಪೀರ್, ಹಾಲಿ, ಸ್ವಾರ್ಟ್ಜ್ ಕ್ರೀಕ್

ಲಪೀರ್ ಫ್ಲಿಂಟ್‌ನ ಮೂಡಣಕ್ಕೆ ಅರ್ಧ ಗಂಟೆಯ ಹಾದಿ. ಊರ ನಡುವೆ 1840ರ ದಶಕದ, ಬಿಳಿ ಕಂಬಗಳ ಕೋರ್ಟ್ ಕಟ್ಟಡವಿದೆ. ಜಿಲ್ಲೆಯಲ್ಲಿ ಕ್ರೇಪೋ ತನ್ನ ಕಾಡಿನ ಕಾಗದಪತ್ರ ಹಿಡಿದು ಓಡಾಡುತ್ತಿದ್ದ ದಿನಗಳಲ್ಲಿ ಅದು ಹೊಸ ಕಟ್ಟಡ. ಊರು ದಾಟಿದರೆ ಜೋಳ, ಸೋಯಾ, ಕುದುರೆ ಸಾಕುವ ಹಟ್ಟಿಗಳು, ಎರಡನೆಯ ಮೂರನೆಯ ಬೆಳೆಯ ತೆಳು ಮರಗಳ ತೋಪುಗಳು. ಆ 12,000 ಎಕರೆಯ ಪೈನ್ ಕಾಡನ್ನು ತೋರಿಸುವ ಒಂದು ಬೊಡ್ಡೆಯೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಈ ಕಾಡು ಮಾರಾಟಕ್ಕೆ ಬಂದದ್ದು ಹೇಗೆಂಬುದೂ ಲೆಕ್ಕದ ಭಾಗವೇ. 1807ರ ನವೆಂಬರಿನಲ್ಲಿ ಆಗಿನ ಗವರ್ನರ್ ವಿಲಿಯಂ ಹಲ್ ಡೆಟ್ರಾಯಿಟ್‌ನಲ್ಲಿ ಒಜಿಬ್ವೆ ಮೊದಲಾದ ಮೂಲನಿವಾಸಿ ಜನಗಳ ಮುಖಂಡರಿಂದ ಒಪ್ಪಂದಕ್ಕೆ ರುಜು ಹಾಕಿಸಿಕೊಂಡು ಮಿಶಿಗನ್ನಿನ ಆಗ್ನೇಯ ಭಾಗವನ್ನು ಸರ್ಕಾರಕ್ಕೆ ಬರೆಸಿಕೊಂಡ. ಅಲ್ಲಿಂದ ಸರ್ವೆ, ಚೌಕ ಚೌಕ ತುಂಡುಗಳು, ಸರ್ಕಾರಿ ಹರಾಜು, ಒಟ್ಟು ಕೊಂಡು ಕಾದು ಮಾರುವ ದಲ್ಲಾಳಿಗಳು, ಕೊನೆಗೆ ನ್ಯೂ ಬೆಡ್‌ಫರ್ಡ್‌ನ ಎಣ್ಣೆಯ ಹಣ. ಕ್ರೇಪೋ ಹಿಡಿದ ಖಾತೆ ಪುಸ್ತಕ ಆರಂಭವಾಗುವುದು ಈ ಕೊನೆಯ ಮೆಟ್ಟಿಲಿನಿಂದ. ಅಲ್ಲಿ ಮರ ಎಂದರೆ ಬೋರ್ಡ್ ಫೂಟ್, ಅಂದರೆ ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ. ನಿಂತ ಮರವನ್ನೂ ಆ ಅಳತೆಯಲ್ಲೇ ಅಂದಾಜಿಸಿ ಬರೆಯುತ್ತಿದ್ದರು. ಕಡಿದಾದ ಮೇಲೆ ಉಳಿಯುವ ಟೊಂಗೆ, ತೊಗಟೆ, ತುದಿಗಳಿಗೆ ಲೆಕ್ಕವಿರಲಿಲ್ಲ. 1881ರ ಸೆಪ್ಟೆಂಬರಿನ ಬರಗಾಲದಲ್ಲಿ, ಕ್ರೇಪೋ ಸತ್ತು ಹನ್ನೆರಡು ವರ್ಷಗಳಾದ ಮೇಲೆ, ಲಪೀರ್ ಮತ್ತು ನೆರೆಯ ಜಿಲ್ಲೆಗಳಲ್ಲಿ ಬಿದ್ದಿದ್ದ ಆ ಒಣಗಸಕ್ಕೆ ಬೆಂಕಿ ಹತ್ತಿ 280ಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಹುಟ್ಟಿದ ಅಮೆರಿಕನ್ ರೆಡ್ ಕ್ರಾಸ್ ಮೊದಲ ಬಾರಿಗೆ ಪರಿಹಾರ ಕಾರ್ಯಕ್ಕೆ ಇಳಿದದ್ದು ಆ ಕಾಡುಗಿಚ್ಚಿನಲ್ಲಿ. ಆ ಬೆಂಕಿಯನ್ನು ಒಬ್ಬ ಕ್ರೇಪೋನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಇಷ್ಟು ಜಾಗರೂಕನಾದ ಲೆಕ್ಕಿಗನ ಪುಸ್ತಕದಲ್ಲೂ ಅದಕ್ಕೊಂದು ಸಾಲು ಇರಲಿಲ್ಲ.

ಅಲ್ಲಿಂದ ತೆಂಕಣಕ್ಕೆ ಹಾಲಿ ಎಂಬ ಪುಟ್ಟ ಊರಿಗೆ ಬಂದೆವು. ಡೆಟ್ರಾಯಿಟ್‌ನಿಂದ ಪಡುವಣಕ್ಕೆ ಹೋಗುವ ರೈಲು 1855ರಲ್ಲೇ ಇಲ್ಲಿಗೆ ಬಂದಿತ್ತು, ಫ್ಲಿಂಟ್‌ಗೆ ಬಂದಿರಲಿಲ್ಲ. ದೊಡ್ಡ ಹಡಗುಗಳು ಬರುವ ಸರೋವರದ ಬಂದರಾಗಲಿ ರೈಲಾಗಲಿ ಇಲ್ಲದ ಫ್ಲಿಂಟ್‌ನಲ್ಲಿ ಕೊಯ್ದ ಹಲಗೆಯನ್ನು ಎತ್ತು-ಕುದುರೆಗಳ ಬಂಡಿಯಲ್ಲಿ ಹೇರಿಕೊಂಡು ಈ ರೈಲು ನಿಲ್ದಾಣಗಳಿಗೆ ತರಬೇಕಾಗಿತ್ತು, ಮತ್ತು ಆ ಬಾಡಿಗೆ ಲಾಭವನ್ನು ನುಂಗುತ್ತಿತ್ತು. ಹಾಲಿ, ಫೆಂಟನ್, ಲಪೀರ್, ಡೆಟ್ರಾಯಿಟ್‌ಗಳಲ್ಲಿ ಮರದಂಗಡಿಗಳನ್ನೋ ಗಿರಣಿಗಳನ್ನೋ ಇಟ್ಟಿದ್ದ ಕ್ರೇಪೋ ಕೊನೆಗೆ ತಾನೇ ಮುಂದೆ ನಿಂತು ಫ್ಲಿಂಟ್‌ನಿಂದ ಹಾಲಿಗೆ 17 ಮೈಲಿಯ ರೈಲು ಹಾಕಿಸಿದ. 1864ರಲ್ಲಿ ಅದು ಓಡಿತು, 1868ರಲ್ಲಿ ಅದನ್ನು ಫ್ಲಿಂಟ್ ಮತ್ತು ಪೇರ್ ಮಾರ್ಕೆಟ್ ಎಂಬ ದೊಡ್ಡ ಕಂಪನಿಗೆ ಮಾರಿದ. ಹಾಲಿಯಲ್ಲಿ ಇಂದಿಗೂ ಎರಡು ಹಳಿಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಉದ್ದನೆಯ ಸರಕು ರೈಲೊಂದು ದಾಟುವವರೆಗೆ ಗೇಟಿನಲ್ಲಿ ನಿಂತೆವು. ಅದರ ತೆರೆದ ಡಬ್ಬಿಗಳಲ್ಲಿ ಹೊಸ ಕಾರುಗಳಿಲ್ಲವೇ ಎಂದು ಸೋದರಳಿಯ ಕತ್ತು ಉದ್ದ ಮಾಡಿ ನೋಡಿದ.

ಮರಳುವಾಗ ಸ್ವಾರ್ಟ್ಜ್ ಕ್ರೀಕ್ ಬಳಿ ಸುತ್ತಿದೆವು. ಇಲ್ಲಿ ಸಾವಿರಕ್ಕೂ ಹೆಚ್ಚು ಎಕರೆ ಜವುಗು ನೆಲವನ್ನು ಕೊಂಡು, ಕಾಲುವೆ ತೋಡಿಸಿ ನೀರು ಬಸಿದು, ಕ್ರೇಪೋ ಹೊಲ ಮಾಡಿದ. ಹೆರ್‌ಫರ್ಡ್ ತಳಿಯ ದನಗಳನ್ನು ತರಿಸಿ ಸಾಕಿದ. ನ್ಯೂ ಬೆಡ್‌ಫರ್ಡ್‌ನಲ್ಲೂ ಅವನು ಹಣ್ಣಿನ ಗಿಡಗಳ ನರ್ಸರಿ ಬೆಳೆಸಿದ್ದ. ಬಿಳಿ ಪೈನ್‌ನ ಒಂದು ಸಸಿಯನ್ನು ಮಾತ್ರ ಅವನಾಗಲಿ ಅವನ ಸರೀಕರಾಗಲಿ ನೆಟ್ಟ ಸುದ್ದಿ ನನ್ನ ಕಣ್ಣಿಗೆ ಬಿದ್ದಿಲ್ಲ. ಕಾಡು ಕಡಿದ ಜಾಗ ತಾನಾಗಿ ಹೊಲವಾಗುತ್ತದೆ, ರೈತರು ಬರುತ್ತಾರೆ, ರಾಜ್ಯ ಬೆಳೆಯುತ್ತದೆ ಎಂಬುದು ಅವರೆಲ್ಲರ ನಂಬಿಕೆಯಾಗಿತ್ತು. ಲಪೀರ್‌ನ ಮಣ್ಣಿನಲ್ಲಿ ಅದು ಬಹುಮಟ್ಟಿಗೆ ನಿಜವಾಯಿತು. ಉತ್ತರದ ಮರಳು ಭೂಮಿಯಲ್ಲಿ ಆಗಲಿಲ್ಲ.

ಬುಧವಾರ, ಗ್ರೇಲಿಂಗ್

ಆ ಮರಳು ಭೂಮಿಯನ್ನು ನೋಡಲು ಬಡಗಣಕ್ಕೆ ಎರಡು ಗಂಟೆ ಕಾರು ಓಡಿಸಿ ಗ್ರೇಲಿಂಗ್ ಬಳಿಯ ಹಾರ್ಟ್‌ವಿಕ್ ಪೈನ್ಸ್ ಎಂಬ ರಾಜ್ಯ ಉದ್ಯಾನಕ್ಕೆ ಬಂದೆವು. ಕ್ರೇಪೋ ಇಲ್ಲಿ ಮರ ಕಡಿದವನಲ್ಲ. ಅವನು ಕೊಂಡದ್ದು ಏನನ್ನು ಎಂದು ಕಣ್ಣಾರೆ ಕಾಣಲು ಮಿಶಿಗನ್ನಿನ ಎರಡು ಪರ್ಯಾಯದ್ವೀಪಗಳಲ್ಲಿ ಕೆಳಗಿನದರಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ಬಂದೆವು. ಮರದ ವ್ಯಾಪಾರಿಯ ಮಗಳಾದ ಕರೆನ್ ಹಾರ್ಟ್‌ವಿಕ್ ತನ್ನ ಗಂಡನ ನೆನಪಿಗಾಗಿ 1927ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಎಕರೆಯನ್ನು ರಾಜ್ಯಕ್ಕೆ ಕೊಟ್ಟಾಗ ಅದರಲ್ಲಿ ಕೊಡಲಿ ಕಾಣದ ಹಳೆಯ ಕಾಡು ಎಂಬತ್ತಕ್ಕೂ ಹೆಚ್ಚು ಎಕರೆ ಉಳಿದಿತ್ತು. 1940ರ ಬಿರುಗಾಳಿಯಲ್ಲಿ ಅದರಲ್ಲೂ ಬಹಳಷ್ಟು ಉರುಳಿ, ಈಗ ಉಳಿದಿರುವುದು 49 ಎಕರೆ.

ಮರಗಳು ನೂರೈವತ್ತು ಅಡಿಯವರೆಗೂ ಎದ್ದಿವೆ. ಕೆಳಗಿನ ಅರ್ಧಕ್ಕೆ ಒಂದು ಕೊಂಬೆಯಿಲ್ಲ. ಗಂಟಿಲ್ಲದ ನೇರ ಹಲಗೆ ಎಂದು ವ್ಯಾಪಾರಿಗಳು ಹುಚ್ಚಾದದ್ದು ಈ ಭಾಗಕ್ಕೆ. ತಲೆಯೆತ್ತಿ ನೋಡುತ್ತಿದ್ದ ಸೋದರಳಿಯ "ಇದರಲ್ಲಿ ಎಷ್ಟು ಬೋರ್ಡ್ ಫೂಟ್ ಇರಬಹುದು ಮಾವ?" ಎಂದು ಕೇಳಿದ, ಕಾಡಿನಲ್ಲಿ ಎರಡು ದಿನ ಕಳೆದರೆ ಯಾರ ತಲೆಯಾದರೂ ಹೀಗೇ ಓಡಲು ಆರಂಭಿಸುತ್ತದೆ. ಪಕ್ಕದ ಸಂಗ್ರಹಾಲಯದಲ್ಲಿ ಶಿಬಿರದ ಅಡುಗೆಮನೆ, ಎರಡು ಕೈಯ ಗರಗಸಗಳು, ಮುದ್ರೆಯ ಸುತ್ತಿಗೆಗಳು, ಮತ್ತು ಆಳೆತ್ತರ ಮೀರಿದ ಜೋಡಿ ಚಕ್ರಗಳಿವೆ. ಮ್ಯಾನಿಸ್ಟಿಯ ಸೈಲಸ್ ಓವರ್‌ಪ್ಯಾಕ್ 1875ರಿಂದ ತಯಾರಿಸಿ ಮಾರಿದ ಈ ಚಕ್ರಗಳ ಅಚ್ಚಿಗೆ ದಿಮ್ಮಿಗಳನ್ನು ತೂಗುಹಾಕಿ ಎಳೆಯಬಹುದಾದ್ದರಿಂದ ಮಂಜಿಗೆ ಕಾಯುವ ಅಗತ್ಯ ತಪ್ಪಿತು, ಬೇಸಿಗೆಯಲ್ಲೂ ಕಡಿತ ನಡೆಯಿತು. 1882ರಲ್ಲಿ ಸ್ಯಾಗಿನಾ ನದಿಯ ಗಿರಣಿಗಳು ಒಂದೇ ವರ್ಷ ನೂರು ಕೋಟಿ ಬೋರ್ಡ್ ಫೂಟ್ ಹಲಗೆ ಕೊಯ್ದವು. ಆ ಶತಮಾನ ಮುಗಿಯುವಾಗ ಕಾಡೂ ಮುಗಿದಿತ್ತು. ಊರಿಗೆ ಹೆಸರು ಕೊಟ್ಟ ಗ್ರೇಲಿಂಗ್ ಮೀನು ಕೂಡ, ದಿಮ್ಮಿಗಳು ಉಜ್ಜಿ ಹಾಳುಮಾಡಿದ ಹೊಳೆಗಳಲ್ಲಿ ಮೊಟ್ಟೆಯಿಡಲಾಗದೆ, 1930ರ ದಶಕದ ಹೊತ್ತಿಗೆ ರಾಜ್ಯದಿಂದ ಕಣ್ಮರೆಯಾಯಿತು.

ಗುರುವಾರ, ಲ್ಯಾನ್ಸಿಂಗ್

ರಾಜಧಾನಿಯ ಶಾಸನಭವನದ ಮುಂದೆ ನಿಂತಿರುವ ಪ್ರತಿಮೆ ಕ್ರೇಪೋನದಲ್ಲ, ಅವನ ಹಿಂದಿನ ಗವರ್ನರ್ ಆಸ್ಟಿನ್ ಬ್ಲೇರ್‌ನದು. ಅಂತರ್ಯುದ್ಧಕ್ಕೆ ಮಿಶಿಗನ್ ಕಳಿಸಿದ ಸುಮಾರು 90,000 ಸೈನಿಕರನ್ನು ಕೂಡಿಸಿದ ಕೀರ್ತಿ ಬ್ಲೇರ್‌ಗೆ ಹೋಯಿತು. ಕ್ರೇಪೋ ಪಾಲಿಗೆ ಬಂದದ್ದು ಯುದ್ಧದ ಕೊನೆಯ ಕೆಲವು ತಿಂಗಳು, ಆಮೇಲೆ ಮನೆಗೆ ಮರಳಿದ ಪಡೆಗಳು ಮತ್ತು ಅವುಗಳ ಬಿಲ್ಲುಗಳು. ಅವನು ಕೆಲಸ ಮಾಡಿದ ಮರದ ಹಳೆಯ ಶಾಸನಭವನ ಬೇರೆ ಬೀದಿಯಲ್ಲಿತ್ತು, 1882ರಲ್ಲಿ ಸುಟ್ಟುಹೋಯಿತು. ಇಂದಿನ ಗುಮ್ಮಟದ ಕಟ್ಟಡ ಉದ್ಘಾಟನೆಯಾದದ್ದು 1879ರ ಜನವರಿ 1ರಂದು. ಒಳಗೆ ಬಾಗಿಲು, ಚೌಕಟ್ಟು, ಗೋಡೆಯ ಹಲಗೆಗಳೆಲ್ಲ ಕಪ್ಪುಗಂದು ವಾಲ್‌ನಟ್ ಮರದಂತೆ ಕಾಣುತ್ತವೆ. ಅವು ವಾಲ್‌ನಟ್ ಅಲ್ಲ, ಅಗ್ಗದ ಮಿಶಿಗನ್ ಪೈನ್; ಕುಂಚ ಹಿಡಿದ ಕೆಲಸಗಾರರು ವಾಲ್‌ನಟ್‌ನ ಗೆರೆಗಳನ್ನು ಒಂದೊಂದಾಗಿ ಬರೆದಿದ್ದಾರೆ. ಪೈನ್‌ನಿಂದ ಶ್ರೀಮಂತವಾದ ರಾಜ್ಯಕ್ಕೆ ತನ್ನ ಸ್ವಂತ ಮನೆಯಲ್ಲಿ ಪೈನ್ ತೋರಿಸಲು ನಾಚಿಕೆಯಾಯಿತೋ ಏನೋ. ಕ್ರೇಪೋ ಇದ್ದಿದ್ದರೆ ಉಳಿದ ಹಣ ಎಷ್ಟೆಂದು ಕೇಳಿ ಮೆಚ್ಚುತ್ತಿದ್ದ.

ಗವರ್ನರ್ ಆಗಿ ಅವನನ್ನು ಇತಿಹಾಸಕಾರರು ನೆನೆಯುವುದು ಎರಡು ಹಟಗಳಿಗಾಗಿ. ನಿರ್ದೋಷವೆಂದು ಸ್ಪಷ್ಟವಾಗದ ಹೊರತು ಕೈದಿಗಳಿಗೆ ಕ್ಷಮಾದಾನ ಕೊಡಲು ಒಪ್ಪುತ್ತಿರಲಿಲ್ಲ ಎಂಬುದು ಒಂದು. ಅದರಲ್ಲಿ ನನಗೆ ಅಂಥ ಆಕರ್ಷಣೆ ಕಾಣುವುದಿಲ್ಲ. ಎರಡನೆಯದು ರೈಲಿನ ಜಗಳ, ಮತ್ತು ಈ ಪ್ರವಾಸಕ್ಕೆ ನನ್ನನ್ನು ಹೊರಡಿಸಿದ್ದು ಅದೇ. 1837ರಲ್ಲಿ ಐವತ್ತು ಲಕ್ಷ ಡಾಲರ್ ಸಾಲ ಎತ್ತಿ ರೈಲು-ಕಾಲುವೆ ಕಟ್ಟಲು ಹೋಗಿ ಕೈಸುಟ್ಟುಕೊಂಡಿದ್ದ ಮಿಶಿಗನ್, 1850ರ ಸಂವಿಧಾನದಲ್ಲಿ ರಾಜ್ಯವು ಇಂಥ ಕಾಮಗಾರಿಗೆ ಇಳಿಯುವುದನ್ನೇ ನಿಷೇಧಿಸಿತ್ತು. ರಾಜ್ಯದ ಖಜಾನೆಯ ಬಾಗಿಲು ಮುಚ್ಚಿದ್ದರಿಂದ ರೈಲು ಕಂಪನಿಗಳು ಹಳ್ಳಿಗಳ ಬಾಗಿಲು ತಟ್ಟಿದವು: ನಿಮ್ಮೂರಿಗೆ ರೈಲು ಬೇಕಾದರೆ ನಿಮ್ಮ ಟೌನ್‌ಶಿಪ್ (ಹಳ್ಳಿಗಾಡಿನ ಸ್ಥಳೀಯ ಆಡಳಿತ) ಬಾಂಡು, ಅಂದರೆ ಸಾಲಪತ್ರ, ಬರೆದುಕೊಡಲಿ, ಮುಂದೆ ತೆರಿಗೆಯಿಂದ ತೀರಿಸಲಿ. ಅದಕ್ಕೆ ಅನುಮತಿ ಕೊಡುವ ಮಸೂದೆಗಳು ಶಾಸನಸಭೆಯಲ್ಲಿ ಸಾಲುಗಟ್ಟಿ ಪಾಸಾದವು. 1867ರಲ್ಲಿ ಕ್ರೇಪೋ ಅವನ್ನು ಒಂದರ ಹಿಂದೊಂದು ವೀಟೊ ಮಾಡಿದ. ಪಕ್ಷ ಅವನದೇ, ಸದನದಲ್ಲಿ ಬಹುಮತವೂ ಅವನ ಪಕ್ಷದ್ದೇ. ಊರೂರಿಗೆ ರೈಲು ಬರುವುದನ್ನು ತಡೆದವನೆಂಬ ಅಪವಾದ ಹೊತ್ತರೂ ಅವನು ಬಗ್ಗಲಿಲ್ಲ. ಬಡ್ಡಿಯ ಭಾರ ಕೂಡುತ್ತ ಹೋದರೆ ಹಳ್ಳಿಗಳು ಅದನ್ನು ಹೊರಲಾರವು, ಬಾರದಿರುವ ರೈಲಿಗೂ ತೆರಿಗೆ ತಪ್ಪುವುದಿಲ್ಲ, ಒಂದು ಊರು ಬರೆದುಕೊಟ್ಟರೆ ಪಕ್ಕದ ಊರೂ ಹೆದರಿ ಬರೆದುಕೊಡುತ್ತದೆ ಎಂಬ ಜಾಡಿನಲ್ಲಿ ಅವನ ವಾದ ಸಾಗುತ್ತಿತ್ತು.

"ಆದರೆ ಮಾವ, ತನಗೆ ರೈಲು ಬೇಕಾದಾಗ ಹಾಕಿಸಿಕೊಂಡನಲ್ಲ?" ಎಂದು ಸೋದರಳಿಯ ಆಕ್ಷೇಪಿಸಿದ. ಆ ಆಕ್ಷೇಪ ಆಗಲೂ ಇತ್ತು ಮತ್ತು ಅದರಲ್ಲಿ ಹುರುಳಿದೆ. ಹಾಲಿಗೆ 17 ಮೈಲಿ ಹಳಿ ಹಾಸಲು ನ್ಯೂ ಬೆಡ್‌ಫರ್ಡ್‌ನ ನಂಟು ಇದ್ದವನಿಗೆ ಟೌನ್‌ಶಿಪ್‌ನ ಬಾಂಡು ಬೇಕಿರಲಿಲ್ಲ. ಒಳನಾಡಿನ ಬಡ ಹಳ್ಳಿಗೆ ಬೇರೆ ದಾರಿಯಿರಲಿಲ್ಲ. ಆದರೂ ನಾನು ಕ್ರೇಪೋ ಪಕ್ಷದವನೇ. ಹಡಗು ಮುಳುಗಿದರೆ ಯಾರ ಗಂಟು ಹೋಗುತ್ತದೆಂದು ವಿಮೆಯ ಕಚೇರಿಯಲ್ಲಿ ವರ್ಷಗಟ್ಟಲೆ ಬರೆದವನು, 1857ರಲ್ಲಿ ಸಾಲದ ಕುಣಿಕೆಯನ್ನು ತನ್ನ ಕೊರಳಲ್ಲೇ ಕಂಡವನು, ಕಂಪನಿಯ ನಷ್ಟವನ್ನು ಊರಿನ ತಲೆಗೆ ವರ್ಗಾಯಿಸುವ ಕಾಗದವನ್ನು ನೋಡಿದೊಡನೆ ಗುರುತಿಸಿದ.

ಅವನ ನಂತರ ಬಂದ ಗವರ್ನರ್ ಹೆನ್ರಿ ಬಾಲ್ಡ್‌ವಿನ್‌ನ ಕಾಲದಲ್ಲಿ, 1869ರಲ್ಲೇ, ಎಲ್ಲ ಟೌನ್‌ಶಿಪ್‌ಗಳಿಗೂ ಅನ್ವಯಿಸುವ ರೈಲು ನೆರವಿನ ಕಾಯಿದೆ ಪಾಸಾಯಿತು. ಹಳ್ಳಿಗಳು ಬಾಂಡು ಬರೆದುಕೊಟ್ಟವು. ಮರುವರ್ಷ ಸೇಲಂ ಎಂಬ ಟೌನ್‌ಶಿಪ್ ರೈಲು ಕಂಪನಿಗೆ ಬಾಂಡು ಕೊಡಲು ನಿರಾಕರಿಸಿದ ಮೊಕದ್ದಮೆಯಲ್ಲಿ ಮಿಶಿಗನ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಥಾಮಸ್ ಕೂಲಿ, ಖಾಸಗಿ ಕಂಪನಿಯ ರೈಲಿಗಾಗಿ ತೆರಿಗೆ ಹೇರುವುದು ಸಾರ್ವಜನಿಕ ಉದ್ದೇಶವಲ್ಲವೆಂದು ತೀರ್ಪಿತ್ತು ಆ ಕಾಯಿದೆಯನ್ನು ಅಸಿಂಧುವೆಂದ. ಕ್ರೇಪೋ ಬದುಕಿದ್ದರೆ ಗೆದ್ದೆನೆಂದುಕೊಳ್ಳುತ್ತಿದ್ದ, ಆದರೆ ಆ ಗೆಲುವು ಬಹಳ ದಿನ ಉಳಿಯಲಿಲ್ಲ. ಅಷ್ಟರಲ್ಲಿ ಮಾರಾಟವಾಗಿ ಬೇರೆ ರಾಜ್ಯದವರ ಕೈ ಸೇರಿದ್ದ ಬಾಂಡುಗಳ ವಿಷಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಪೈನ್ ಗ್ರೋವ್ ಎಂಬ ಮಿಶಿಗನ್ ಟೌನ್‌ಶಿಪ್‌ನ ಮೊಕದ್ದಮೆಯಲ್ಲಿ ಆ ನ್ಯಾಯಾಲಯ ರಾಜ್ಯದ ತೀರ್ಪನ್ನು ಒಪ್ಪದೆ, ನಂಬಿ ಕೊಂಡವರಿಗೆ ಟೌನ್‌ಶಿಪ್ ಹಣ ಕೊಡಲೇಬೇಕೆಂದು ಹೇಳಿತು, ಮತ್ತು ಹಳ್ಳಿಯವರು ಅಸಲನ್ನೂ ಬಡ್ಡಿಯನ್ನೂ ತೆರಬೇಕಾಯಿತು.